ಆಪಾಳಿಗೆ ಓದಲು ಬಾರದೆಂದು ಬರೆದುಕೊಟ್ಟದ್ದು

ನಮ್ಮ ಮನೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು. ನಾವು ಕೂರಲು ಒಂದೂ ಇರಲಿಲ್ಲ. ಹುಣಸೂರಿನ ಮರಗೆಲಸದ ಅಂಗಡಿಗಳ ಹಿಂದೆ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಮೂರು ಕೋಣೆಗಳ ಮನೆ. ಅಬ್ಬಾ ಪಾಲಿಶ್ ಕೆಲಸದವರು. ಬಡಗಿಗಳು ಮಾಡಿ ಮುಗಿಸಿದ ತೇಗದ ಸೋಫಾ, ಮಂಚದ ತಲೆಹಲಗೆ, ಊಟದ ಮೇಜುಗಳು ಬೋಳುಬೋಳಾಗಿ ನಮ್ಮ ಮುಂದಿನ ಕೋಣೆಗೆ ಬರುತ್ತಿದ್ದವು. ಉಪ್ಪುಕಾಗದದಲ್ಲಿ ಉಜ್ಜಿಸಿಕೊಂಡು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಪದರಪದರವಾಗಿ ಕುಡಿದು, ಮುಖ ಕಾಣುವಷ್ಟು ಹೊಳೆಯತೊಡಗಿದ ದಿನ ಯಾರದೋ ಮದುವೆಮನೆಗೋ ಹೊಸ ಮನೆಗೋ ಹೊರಟುಬಿಡುತ್ತಿದ್ದವು. ಹಸಿ ಪಾಲಿಶಿನ ಮೇಲೆ ಮೈಯ ಬೆವರು ತಾಗಿದರೆ ಗುರುತು ಉಳಿಯುತ್ತದೆಂದು, ಕೂರಬಾರದೆಂಬ ಕಟ್ಟಪ್ಪಣೆಯಿತ್ತು. ಹೀಗಾಗಿ ಸೋಫಾಗಳ ಕಾಲಬುಡದಲ್ಲಿ ಚಾಪೆ ಹಾಸಿಕೊಂಡು ನಾವು ಉಂಡೆವು, ಓದಿದೆವು, ಜಗಳವಾಡಿದೆವು. ಸ್ಪಿರಿಟ್ಟಿನ ವಾಸನೆ ಅನ್ನಕ್ಕೂ ಬಟ್ಟೆಗೂ ಹಾಸಿಗೆಗೂ ಹತ್ತಿಕೊಂಡಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ, ನಿಮ್ಮ ಮನೆಯವರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರಾ ಎಂದು ಒಮ್ಮೆ ಕೇಳಿದ್ದಳು.

ನಡುಕೋಣೆ ದಾದಿಯದು. ದಾದಿ ಅಂದರೆ ಅಬ್ಬಾನ ತಾಯಿ. ಬೆಳಗಿನ ನಮಾಜು ಮುಗಿದು ಬೆಳಕು ಮೂಡುವ ಹೊತ್ತಿಗೆ ಓಣಿಯ ಹುಡುಗಿಯರು ತಲೆಗೆ ದುಪಟ್ಟಾ ಸುತ್ತಿಕೊಂಡು ಕುರಾನ್ ಕಲಿಯಲು ಅವರ ಬಳಿ ಬರುತ್ತಿದ್ದರು. ದಾದಿ ತಮ್ಮ ತಾಯಿಯಿಂದ ಕಲಿತವರು. ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಕಲಿಸಿ ಕಲಿಸಿ ಇಡೀ ಗ್ರಂಥ ಅವರಿಗೆ ಬಾಯಿಗೇ ಬಂದಿತ್ತು. ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರ ಒಂದು ಕಣ್ಣು ಪೊರೆಯ ಶಸ್ತ್ರಚಿಕಿತ್ಸೆ ಕೆಟ್ಟು ಹೋಗಿತ್ತು. ಇನ್ನೊಂದನ್ನು ಅವರು ಯಾವ ವೈದ್ಯರಿಗೂ ಮುಟ್ಟಗೊಡಲಿಲ್ಲ. ಬಾಗಿಲು ಯಾವುದು ಗೋಡೆ ಯಾವುದು ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು. ಕಲಿಸುವುದನ್ನು ಅವರು ನಿಲ್ಲಿಸಲಿಲ್ಲ. ಒಂದು ಸಾಲು ತಾವು ಹೇಳುವರು. ಹುಡುಗಿ ಅಕ್ಷರಗಳ ಕೆಳಗೆ ಬೆರಳು ಸರಿಸುತ್ತ ಅದನ್ನೇ ಹೇಳಬೇಕು. ಮರುದಿನ ಬಂದು ಒಪ್ಪಿಸಬೇಕು. ಗಂಟಲಿನ ಆಳದಿಂದ ಬರಬೇಕಾದ ದನಿ ಸರಿಯಾಗಿ ಬಂತೋ ಇಲ್ಲವೋ ಎಂದು ತಿಳಿಯಲು ದಾದಿ ಮಗುವಿನ ಕೊರಳ ಮೇಲೆ ಎರಡು ಬೆರಳು ಇಟ್ಟು ಕೇಳುತ್ತಿದ್ದರು. ನನ್ನ ಕೊರಳನ್ನು ಅವರು ಒತ್ತಿ ಒತ್ತಿ ತಿದ್ದಿದ್ದಾರೆ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳಾದ ಅಕ್ಕ ನಸೀಮಾಳ, ಮನೆಯಲ್ಲಿ ನಾವು ಕರೆಯುವಂತೆ ಆಪಾಳ, ಕೊರಳ ಮೇಲೆ ಬೆರಳಿಟ್ಟು ಸುಮ್ಮನೆ ಇಟ್ಟುಕೊಂಡೇ ಇರುತ್ತಿದ್ದರು. ತಿದ್ದುವುದಕ್ಕೆ ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಅದೇ ಆಪಾ ಶಾಲೆಯಲ್ಲಿ ದಡ್ಡಿ. ಮನೆಯ ಮಾತು ಉರ್ದು, ದಾದಿಯ ಬಳಿ ಅರಬ್ಬಿ, ಶಾಲೆಯಲ್ಲಿ ಕನ್ನಡ, ಅದರ ಬೆನ್ನಿಗೆ ಇಂಗ್ಲಿಷು, ಅದರ ಬೆನ್ನಿಗೆ ಹಿಂದಿ. ಮಾತಾಡಲು ಅವಳಿಗೆ ಯಾವುದೂ ಕಷ್ಟವಿರಲಿಲ್ಲ. ಕನ್ನಡವನ್ನಂತೂ ಸಂತೆಯಲ್ಲಿ ಸೊಪ್ಪಿನವರ ಜೊತೆ ಚೌಕಾಸಿಗಿಳಿಯುವಷ್ಟು ಚೆನ್ನಾಗಿ ಆಡುತ್ತಿದ್ದಳು. ಕರಿಹಲಗೆಯ ಮೇಲಿದ್ದುದನ್ನು ನೋಡಿ ಬರೆ ಎಂದರೆ ಮುತ್ತು ಪೋಣಿಸಿದಂತೆ ಬರೆಯುವಳು. ಬರೆದುದನ್ನು ಓದು ಎಂದರೆ ಪುಟವನ್ನು ನೋಡುತ್ತ ನಿಲ್ಲುವಳು. ಅಕ್ಷರಗಳನ್ನು ಅವಳು ಚಿತ್ರಗಳಂತೆ ನಕಲು ಮಾಡುತ್ತಿದ್ದಾಳೆ ಎಂಬುದು ಅಷ್ಟು ವರ್ಷ ಅವಳಿಗೆ ಪಾಠ ಹೇಳಿದ ಒಬ್ಬ ಶಿಕ್ಷಕರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವರ ಕೆಲಸ ಹೆಚ್ಚುತ್ತಿತ್ತು. ದುಂಡಗಿನ ಕೈಬರಹದ ನೋಟುಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಸರಿ ಹಾಕುವುದು ಸುಲಭವಿತ್ತು. ಮನೆಯಲ್ಲಿ ಅವಳ ಪಾಠವನ್ನು ಓದಿ ಹೇಳುವ ಕೆಲಸ ನನ್ನದು. ಸಂಜೆ ಅಮ್ಮಿ ರೊಟ್ಟಿ ತಟ್ಟುತ್ತಿರುವಾಗ ನಾನು ಅವಳ ಪುಸ್ತಕ ಬಿಡಿಸಿಕೊಂಡು ಗಟ್ಟಿಯಾಗಿ ಓದುವೆ. ಅವಳು ಉಪ್ಪುಕಾಗದ ಹಿಡಿದು ಮಂಚದ ಕಾಲನ್ನು ಉಜ್ಜುತ್ತ ಕೇಳಿಸಿಕೊಳ್ಳುವಳು. ಒಮ್ಮೆ ಕೇಳಿದರೆ ಸಾಕಿತ್ತು. ನನ್ನದಲ್ಲದ ತರಗತಿಯ ಪಾಠಗಳನ್ನು ಹೀಗೆ ಒಂದು ವರ್ಷ ಮೊದಲೇ ಓದಿ ಓದಿ ನಾನು ಜಾಣೆ ಎನಿಸಿಕೊಂಡೆ. ನನಗೆ ಬಂದ ಭಾಷೆ, ನಾನು ಇಂದು ಬರೆಯುತ್ತಿರುವ ಈ ಕನ್ನಡ, ಅವಳಿಗೆ ಕೇಳಿಸಲೆಂದು ಓದಿದ್ದರಿಂದ ಬಂದದ್ದು.

ಆಪಾ ಕುರಾನ್ ಪೂರ್ತಿ ಓದಿ ಮುಗಿಸಿದಳೆಂದು ಮನೆಯಲ್ಲಿ ಔತಣವಾಯಿತು. ಅದಕ್ಕೆ ಖತಂ ಎನ್ನುತ್ತೇವೆ. ಮಗುವಿಗೆ ಹೊಸ ಬಟ್ಟೆ ಹಾಕಿ, ಬಂಧುಬಳಗದ ಎದುರು ಕೂರಿಸಿ, ಕೊನೆಯ ಭಾಗವನ್ನು ಓದಿಸುತ್ತಾರೆ. ಅಂದು ಒಂದು ದಿನ ಅಬ್ಬಾ ಕಟ್ಟಪ್ಪಣೆಯನ್ನು ಸಡಿಲಿಸಿ, ಪಾಲಿಶ್ ಒಣಗಿದ್ದ ಯಾರದೋ ಸೋಫಾದ ಮೇಲೆ ಬಿಳಿ ಹಾಸು ಹೊದಿಸಿ ಅತಿಥಿಗಳನ್ನು ಕೂರಿಸಿದರು. ಶಾಲೆಯ ಹೆಡ್‌ಮೇಷ್ಟ್ರನ್ನೂ ಕರೆದಿದ್ದೆವು. ಮಾಂಸ ತಿನ್ನದವರಿಗಾಗಿ ಪಲಾವು, ಕೇಸರಿಬಾತು ಎಲ್ಲ ಎದುರುಮನೆಯ ಗಿರಿಜಕ್ಕನ ಒಲೆಯಲ್ಲಿ, ಅವರದೇ ಪಾತ್ರೆಯಲ್ಲಿ, ಅವರದೇ ಕೈಯಿಂದ ಆದವು. ಗಿರಿಜಕ್ಕ ಲಿಂಗಾಯತರು, ಅವರ ಅತ್ತೆಯ ಕಾಲದಿಂದ ನಮ್ಮೆರಡು ಮನೆಗಳ ನಡುವೆ ಈ ಏರ್ಪಾಡು ನಡೆದುಬಂದಿತ್ತು. ಹಸಿರು ಲಂಗ ತೊಟ್ಟ ಆಪಾ ಜನರನ್ನು ನೋಡಿ ಬಾಯಿ ತೆರೆಯಲಾರದೆ ಕುಳಿತಾಗ ಧೈರ್ಯ ಹೇಳಿದವರೂ ಅವರೇ.

"ಓದು ಮಗ, ನಮ್ಗೇನ್ ಅರ್ತ ಆಯ್ತದಾ? ನೀನು ತಪ್ಪೋದುದ್ರೂ ನಮ್ಗೆ ಗೊತ್ತಾಗಕಿಲ್ಲ ಬುಡು."

ಎಲ್ಲರೂ ನಕ್ಕರು. ಆಪಾ ಓದಿದಳು. ಬೆರಳು ಸಾಲುಗಳ ಕೆಳಗೆ ಬಲದಿಂದ ಎಡಕ್ಕೆ ಸರಿಯುತ್ತಿತ್ತು. ದನಿ ಹಗ್ಗದಂತೆ ಬಿಗಿಯಾಗಿ ಒಂದೇ ಎಳೆಯಲ್ಲಿ ಬಂತು. ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಡ್‌ಮೇಷ್ಟ್ರು ಊಟ ಮುಗಿಸಿ ಹೊರಡುವಾಗ ಆಪಾಳ ತಲೆ ಸವರಿದರು.

"ಕಂಠ ಅಂದ್ರೆ ಕಂಠ ಕಣ್ರೀ ಇದು. ಇಷ್ಟ್ ದಪ್ಪ ಪುಸ್ತಕ ಓದಿ ಮುಗಿಸವ್ಳೆ, ಕ್ಲಾಸಲ್ಲಿ ಮಾತ್ರ ಸೋಮಾರಿ."

ಆಪಾ ಎಂಟನೆಯ ತರಗತಿಗೆ ಬಂದ ವರ್ಷ ಸುಜಾತಾ ಮೇಡಂ ಬಂದರು. ಅವರು ಕೆ.ಆರ್. ನಗರದವರು, ಕಲಿಕೆಯ ತೊಂದರೆಯಿರುವ ಮಕ್ಕಳನ್ನು ಗುರುತಿಸಲು ಶಾಲೆಯಿಂದ ಶಾಲೆಗೆ ಬಸ್ಸಿನಲ್ಲಿ ತಿರುಗುವ ವಿಶೇಷ ಶಿಕ್ಷಕಿ. ಆಪಾಳನ್ನು ಒಂದು ಗಂಟೆ ಎದುರು ಕೂರಿಸಿಕೊಂಡು, ಆಮೇಲೆ ನೇರವಾಗಿ ಮನೆಗೆ ಬಂದರು. ಸೋಫಾದ ಮೇಲೆ ಕೂರಬಾರದೆಂದು ನಾನು ಹೇಳುವ ಮೊದಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

"ಅಮ್ಮಾ, ಮಗೂಗೆ ಬುದ್ಧಿ ಕಮ್ಮಿ ಇಲ್ಲ. ಲೆಕ್ಕ ಬಾಯಲ್ಲೇ ಮಾಡ್ತಾಳೆ. ಅಕ್ಷರ ಓದೋಕೆ ಮಾತ್ರ ಆಗ್ತಿಲ್ಲ. ಇದಕ್ಕೆ ಹೆಸರಿದೆ, ಡಿಸ್ಲೆಕ್ಸಿಯಾ ಅಂತ."

"ಕಾಯಿಲೆನಾ?" ಎಂದಳು ಅಮ್ಮಿ.

"ಅಲ್ಲ. ಹುಟ್ತಾನೇ ಹಾಗಿರುತ್ತೆ. ಎಸ್ಸೆಸ್ಸೆಲ್ಸಿಲಿ ಮೂರು ಭಾಷೆ ಬರೀಬೇಕಲ್ಲ, ಇಂಥ ಮಕ್ಕಳಿಗೆ ಅದರಲ್ಲಿ ವಿನಾಯಿತಿ ಇದೆ. ಬರೆಯೋಕೂ ಬೇರೆಯವರನ್ನ ಕೊಡ್ತಾರೆ. ಮೈಸೂರಲ್ಲಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಗೋಬೇಕು, ಸ್ಕೂಲಿಂದ ಅರ್ಜಿ ಕಳಿಸಬೇಕು. ಈಗಿಂದಲೇ ಶುರು ಮಾಡಿ. ತಡ ಮಾಡಿದ್ರೆ ಕೇಳಲ್ಲ."

"ನನ್ನ ಮಗಳು ಕುರಾನ್ ಓದಿ ಮುಗ್ಸವ್ಳೆ ಮೇಡಂ. ಓದಾಕ್ ಬರಲ್ಲ ಅಂತೀರಲ್ಲ ನೀವು" ಎಂದು ಅಮ್ಮಿ ಎದ್ದುಹೋದಳು. ಚಹಾ ಕೊಡುವುದನ್ನೂ ಮರೆತಳು. ನಮ್ಮ ಮನೆಯಲ್ಲಿ ಅದು ಬೈಗುಳಕ್ಕೆ ಸಮ.

ಆದರೂ ಮೈಸೂರಿಗೆ ಹೋದೆವು, ಏಕೆಂದರೆ ಆಪಾ ತಾನೇ ಕೇಳಿದಳು. ಜೀವನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಲೆಕ್ಕ ಮತ್ತು ವಿಜ್ಞಾನ ತನಗೆ ಬರುತ್ತದೆ, ಭಾಷೆಗಳ ಭಾರ ಇಳಿದರೆ ಹತ್ತನೆಯದು ದಾಟುತ್ತೇನೆ, ಐಟಿಐ ಸೇರುತ್ತೇನೆ ಎಂದು ಅಬ್ಬಾನ ಬಳಿ ಹೇಳಿದ್ದಳು. ಅಬ್ಬಾ ಕೆಲಸ ಬಿಟ್ಟು ಹೊರಟರು. ಕನ್ನಡ ಓದಬಲ್ಲವಳೆಂದು ನನ್ನನ್ನೂ ಕರೆದುಕೊಂಡರು. ಅಮ್ಮಿಯೂ ಸಿಡುಕುತ್ತಲೇ ಬಸ್ಸು ಹತ್ತಿದಳು. ಮೈಸೂರಿನಲ್ಲಿ ಪರೀಕ್ಷೆ ಮಾಡಿದಾಕೆ ಇನ್ನೂ ಎಳೆಯ ವಯಸ್ಸಿನ ಹೆಂಗಸು. ಮನೆಯಲ್ಲಿ ಏನನ್ನಾದರೂ ಓದುತ್ತಾಳೆಯೇ ಎಂದು ಅವರು ಕೇಳಿದ್ದಕ್ಕೆ ಅಮ್ಮಿ ಖತಮಿನ ವಿಷಯ ಹೇಳಿದಳು. ಆಕೆ ನಗಲಿಲ್ಲ, ವಾದಿಸಲೂ ಇಲ್ಲ.

"ಎಲ್ಲೋ ಒಂದು ಪುಟ ತೆಗೆದುಕೊಟ್ಟು ಓದು ಅಂತ ಕೇಳಿದ್ದೀರಾ ಯಾವತ್ತಾದ್ರೂ?"

ಮನೆಗೆ ಬಂದ ಸಂಜೆ ಅಮ್ಮಿ ಕೈಕಾಲು ಮುಖ ತೊಳೆದು ವುಜೂ ಮಾಡಿ, ಆಪಾಳಿಗೂ ಮಾಡಿಸಿ, ಮುಂದಿನ ಕೋಣೆಯಲ್ಲಿ ರೆಹಾಲಿನ, ಮಡಚುವ ಮರದ ಪೀಠದ, ಮೇಲೆ ಗ್ರಂಥವನ್ನಿಟ್ಟು ನಡುವೆ ಎಲ್ಲೋ ಬಿಡಿಸಿದಳು. ನಮ್ಮ ಉರ್ದು ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಅಂದಿನ ಅಮ್ಮಿಯ ದನಿ ಯಾವ ಭಾಷೆಯ ಬರಹಕ್ಕೂ ಸಿಗುವುದಿಲ್ಲ.

"ಓದು."

ಆಪಾ ಪುಟವನ್ನು ನೋಡಿದಳು. ಆಮೇಲೆ ಅಮ್ಮಿಯ ಮುಖ ನೋಡಿದಳು.

"ಯಾವ ಜಾಗ ಅಂತ ಮೊದಲ ಮಾತು ಹೇಳು ಅಮ್ಮಿ. ಆಮೇಲೆ ನಾನು ಹೇಳ್ತೀನಿ."

ಅಮ್ಮಿ ಗ್ರಂಥವನ್ನು ಮುಚ್ಚಿ, ಕಣ್ಣಿಗೊತ್ತಿಕೊಂಡು, ಗೂಡಿನಲ್ಲಿಟ್ಟು ಬಂದು ಆಪಾಳ ಕೆನ್ನೆಗೆ ಹೊಡೆದಳು. ನಡುಕೋಣೆಯಿಂದ ದಾದಿಯ ದನಿ ಬಂತು.

"ಯಾಕೆ ಹೊಡೆದೆ ಅವಳನ್ನ? ತಪ್ಪು ಓದಿದಳೇನು?"

"ಓದೇ ಇಲ್ಲ ಅತ್ತೆ. ಒಂದು ದಿನಾನೂ ಓದಿಲ್ಲ. ನೀವು ಹೇಳಿದ್ದನ್ನ ಹೇಳಿದಾಳೆ ಅಷ್ಟೇ. ನೀವು ನೋಡಲಿಲ್ಲ."

ನೋಡಲಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ದಾದಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಂದಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿದ್ದ ಹಾಗೆಯೇ ಉಳಿಯಿತು.

ಯೋಚಿಸಿದರೆ, ಇದು ನಮ್ಮಂಥ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಕಣ್ಣಿಲ್ಲದ ಗುರು ಕಿವಿಯಿಂದ ಕಲಿಸಿದರು, ಅಕ್ಷರ ಹಿಡಿಯದ ಶಿಷ್ಯೆ ಕಿವಿಯಿಂದಲೇ ಕಲಿತಳು, ಇಬ್ಬರೂ ಪ್ರಾಮಾಣಿಕವಾಗಿದ್ದರು. ಬೆರಳು ಸರಿಸು ಎಂದು ದಾದಿ ಹೇಳಿದ್ದರು, ಅವಳು ಸರಿಸಿದಳು. ಎಲ್ಲ ಹುಡುಗಿಯರೂ ಹೀಗೆಯೇ ಓದುತ್ತಾರೆಂದೇ ತಾನು ತಿಳಿದಿದ್ದೆನೆಂದು ಆಪಾ ಆಮೇಲೆ ನನಗೆ ಹೇಳಿದ್ದಾಳೆ. ಇದರಲ್ಲಿ ವಂಚನೆ ಎಲ್ಲಿದೆ? ವಂಚನೆಯನ್ನು ಹುಡುಕಬೇಕಾದ ಜಾಗ ಬೇರೆಯೇ ಇತ್ತು, ಅದಕ್ಕೆ ಬಾಗಿಲೂ ನಾಮಫಲಕವೂ ಇದ್ದವು.

ಸರ್ಟಿಫಿಕೇಟು ಕೈಗೆ ಬಂದ ಮೇಲೆ ಅಬ್ಬಾ ನನ್ನನ್ನು ಕರೆದುಕೊಂಡು ಹೆಡ್‌ಮೇಷ್ಟ್ರ ಕೋಣೆಗೆ ಹೋದರು. ಆಪಾ ಒಂಬತ್ತನೆಯ ತರಗತಿಯಲ್ಲಿದ್ದಳು; ಅರ್ಜಿ ಕಳಿಸಲು ಬೇಕಾದಷ್ಟು ಕಾಲವಿತ್ತು. ಮೇಷ್ಟ್ರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನ್ ಸಾಬ್ರೆ ಇದು? ನಾನೇ ನಿಮ್ಮನೇಲಿ ಕುಂತು ಕೇಳಿವ್ನಿ, ಆ ಮಗು ಗಿಣಿ ಓದ್ದಂಗೆ ಓದ್ತು. ಈಗ ಓದಾಕೇ ಬರಲ್ಲ ಅಂತ ಸರ್ಟಿಪಿಕೇಟ್ ತಂದಿದ್ದೀರಲ್ಲ."

"ಅದು ಬಾಯಿಪಾಠ ಸಾರ್. ನಮ್ಗೂ ಗೊತ್ತಿರ್ನಿಲ್ಲ."

"ನಾಳೆ ಎನ್‌ಕ್ವಯರಿ ಬಂದ್ರೆ ನಾನ್ ಏನಂತೇಳ್ಲಿ? ಔತಣ ಉಂಡ್ ಬಂದೆ, ಆಮೇಲೆ ಸೈನ್ ಹಾಕ್ದೆ ಅನ್ಲಾ? ಒಂದ್ ಕೆಲ್ಸ ಮಾಡಿ. ಟೀಸಿ ಕೊಡ್ತೀನಿ, ಪ್ರೈವೇಟಾಗಿ ಕಟ್ಸಿ. ನಿಮ್ಗೂ ತಲೆನೋವಿಲ್ಲ, ನಮ್ ಸ್ಕೂಲ್ ರಿಸಲ್ಟೂ ಕೆಡಾಕಿಲ್ಲ."

ಇದು ಅಂದಿಗೂ ಇಂದಿಗೂ ನಮ್ಮ ಸೀಮೆಯ ಶಾಲೆಗಳ ಗುಟ್ಟಿಲ್ಲದ ಗುಟ್ಟು. ಶೇಕಡಾವಾರು ಫಲಿತಾಂಶವೆಂಬ ಹಲಗೆಯನ್ನು ಹೊಳಪಾಗಿಡಲು, ಓದಲಾರದ ಮಕ್ಕಳನ್ನು ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಮೆಲ್ಲಗೆ ಹೊರಗೆ ತಳ್ಳುತ್ತಾರೆ. ಅಬ್ಬಾ ಒಪ್ಪಲಿಲ್ಲ. ಕೈಮುಗಿದುಕೊಂಡೇ ಒಪ್ಪಲಿಲ್ಲ. ಆಗ ಮೇಷ್ಟ್ರು ಷರತ್ತು ಹಾಕಿದರು: ಈ ಮಗುವಿಗೆ ಚಿಕ್ಕಂದಿನಿಂದ ಯಾವ ಭಾಷೆಯನ್ನೂ, ಯಾವ ಗ್ರಂಥವನ್ನೂ ಓದಲು ಬಂದಿಲ್ಲ ಎಂದು ಮನೆಯವರು ಬರೆದು ಸಹಿ ಹಾಕಬೇಕು, ಕಲಿಸಿದವರೂ ಬಂದು ಹೇಳಬೇಕು. ಅಂಥ ಬರಹವನ್ನು ಯಾವ ನಿಯಮವೂ ಕೇಳುವುದಿಲ್ಲ. ಇದು ನನಗೆ ತಿಳಿದದ್ದು ವಿಶ್ವವಿದ್ಯಾಲಯಕ್ಕೆ ಬಂದು ಆ ನಿಯಮಗಳನ್ನು ಹುಡುಕಿ ಓದಿದಾಗ. ಅಂದು ಆ ಕೋಣೆಯಲ್ಲಿ ನಿಯಮ ಎಂದರೆ ಮೇಜಿನ ಆಚೆ ಕುಳಿತವರ ಬಾಯಿ.

ಮನೆಯಲ್ಲಿ ಮೂರು ದಿನ ಜಗಳ. ಬರೆದುಕೊಡಬಾರದೆಂದು ಅಮ್ಮಿ. ಖತಮಿನ ಊಟ ಉಂಡ ಜನರೆಲ್ಲ ಕೇಳುವುದಿಲ್ಲವೇ, ನಾಳೆ ಹುಡುಗಿಗೆ ಸಂಬಂಧ ಬಂದಾಗ ಕುರಾನ್ ಓದಿದ್ದಾಳೆಯೇ ಎಂಬುದೇ ಮೊದಲ ಪ್ರಶ್ನೆಯಲ್ಲವೇ ಎಂಬುದು ಅವಳ ವಾದ. ಅಬ್ಬಾನ ಭಯ ಬೇರೆ. ಆ ಬರಹ ಹೊರಬಿದ್ದರೆ ದಾದಿಯ ಬಳಿ ಕಲಿತ ಪ್ರತಿಯೊಂದು ಹುಡುಗಿಯ ಮನೆಯವರೂ ತಮ್ಮ ಮಗಳನ್ನು ಕೂರಿಸಿ ಪುಟ ಬಿಡಿಸುತ್ತಾರೆ. ಆಪಾ ಇಬ್ಬರ ನಡುವೆ ಉಪ್ಪುಕಾಗದ ಹಿಡಿದು ಒಂದೇ ಮೇಜಿನ ಕಾಲನ್ನು ಉಜ್ಜಿ ಉಜ್ಜಿ ಕೊರೆದುಬಿಟ್ಟಿದ್ದಳು. ಕೊನೆಗೆ ದಾದಿ ನನ್ನನ್ನು ಕರೆದು, ಗಿರಿಜಕ್ಕನಿಗೆ ಆಟೋ ತರಿಸಲು ಹೇಳು ಎಂದರು.

ಬುರ್ಖಾ ಹಾಕಿಕೊಂಡು, ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದು ಕೈಯಲ್ಲಿ ಗಿರಿಜಕ್ಕನ ಮೊಣಕೈ ಹಿಡಿದು ದಾದಿ ಶಾಲೆಯ ಮೆಟ್ಟಿಲು ಹತ್ತಿದರು. ಮೇಷ್ಟ್ರು ಎದ್ದು ನಿಲ್ಲಲಿಲ್ಲ. ಗಿರಿಜಕ್ಕ ಸುಮ್ಮನಿರಲಿಲ್ಲ.

"ಸಾರ್, ಅಜ್ಜಿಗೆ ಕುರ್ಚಿ ಆಕ್ಸಿ ಮೊದ್ಲು. ಇವ್ರ ಮನೇಲಿ ಸೋಪಾದ್ ಮ್ಯಾಲೆ ಕುಂತು ಕೇಸ್ರಿಬಾತು ಎರಡೆರಡ್ ಸಲ ಆಕುಸ್ಕಂಡ್ರಲ್ಲ, ನಾನೇ ಬಡ್ಸಿದ್ದು."

ಕುರ್ಚಿ ಬಂತು. ದಾದಿ ಕೂರಲಿಲ್ಲ. ಅವರ ಕನ್ನಡ ಸಂತೆಯ ಕನ್ನಡ, ಅಷ್ಟರಲ್ಲೇ ಹೇಳಿದರು.

"ನಂದು ಕಣ್ಣು ಓಗೈತೆ ಸಾರ್, ಕಿವಿ ಐತೆ. ಮಗು ಬಾಯಿ ಕೇಳ್ದೆ, ಸರಿ ಐತೆ ಅಂದೆ. ಕಣ್ಣಲ್ಲಿ ಓದ್ತಾಳಾ ಇಲ್ವಾ, ನಂಗೆ ಹೆಂಗೆ ಗೊತ್ತಾಯ್ತದೆ? ತಪ್ಪು ನಂದು. ಅಂಗೇ ಬರ್ಕೊಳಿ. ಮಗೀದು ಅರ್ಜಿ ಕಳ್ಸಿ."

ಮೇಷ್ಟ್ರು ಇನ್ನಿಬ್ಬರು ಶಿಕ್ಷಕರನ್ನು ಸಾಕ್ಷಿಗೆ ಕರೆಸಿದರು. ಬರೆಯುವವರು ಯಾರು ಎಂದು ಪ್ರಶ್ನೆ ಬಂದಾಗ ಎಲ್ಲರೂ ನನ್ನತ್ತ ನೋಡಿದರು. ಬಿಳಿ ಹಾಳೆಯ ಮೇಲೆ ಮೇಷ್ಟ್ರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ಕುಮಾರಿ ನಸೀಮಾ ಎಂಬ ಈ ವಿದ್ಯಾರ್ಥಿನಿಗೆ ಓದಲು ಬರುವುದಿಲ್ಲ, ಆಕೆ ಓದಿದ್ದಾಳೆಂದು ನಾವು ತಪ್ಪಾಗಿ ತಿಳಿದು ಇತರರಿಗೂ ತಿಳಿಸಿದ್ದೆವು. ದಾದಿ ಹೆಬ್ಬೆಟ್ಟು ಒತ್ತಿದರು. ಶಾಲೆಯ ಪ್ರಬಂಧಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಬ್ಬರ ಬದುಕಿನ ಬಗ್ಗೆ ನಾನು ಬರೆದ ಮೊದಲ ಗದ್ಯ ಅದು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿಸಿದರು. ಬಾಗಿಲಾಚೆ ಆಪಾಳ ತರಗತಿಯ ಹುಡುಗಿಯರು ನಿಂತಿದ್ದರು.

ಅಬ್ಬಾ ಅಂದುಕೊಂಡಂತೆಯೇ ಆಯಿತು. ಓಣಿಯ ಮನೆಮನೆಯಲ್ಲಿ ಪುಟ ಬಿಡಿಸಿದರು. ಬಹುತೇಕ ಹುಡುಗಿಯರು ಸರಿಯಾಗಿಯೇ ಓದಿದರಂತೆ. ಆದರೂ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಬೆಳಗಿನ ನಡುಕೋಣೆಯಲ್ಲಿ ದಾದಿ ಒಬ್ಬರೇ ಗೋಡೆಗೊರಗಿ ಕುಳಿತಿರುತ್ತಿದ್ದರು, ಬಾಗಿಲ ಬೆಳಕು ಇರುವ ಕಡೆ ಮುಖ ಮಾಡಿಕೊಂಡು. ಆಪಾ ಹೋಗಿ ಪಕ್ಕದಲ್ಲಿ ಕೂರುವಳು. ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಒಪ್ಪಿಸುವುದನ್ನು ಆಪಾ ಆ ಬರಹ ಬರೆದುಕೊಟ್ಟ ದಿನವೇ ನಿಲ್ಲಿಸಿದ್ದಳು. ಹೋಗಲಿ, ಅರ್ಜಿ ಹೋಯಿತಲ್ಲ ಎಂದು ಅಬ್ಬಾ ಅನ್ನುತ್ತಿದ್ದರು.

ಅರ್ಜಿ ಹೋಗಿರಲಿಲ್ಲ. ಅಬ್ಬಾ ಹೋಗಿ ವಿಚಾರಿಸಿದಾಗಲೆಲ್ಲ, ಮೇಲಕ್ಕೆ ಕಳ್ಸಿದ್ದೀನಿ ಬುಡಿ ಸಾಬ್ರೆ, ಬತ್ತದೆ, ಎಂಬ ಉತ್ತರ. ಆಪಾ ಹತ್ತನೆಯ ತರಗತಿಯ ಅರ್ಧ ಕಳೆದಳು. ಅಷ್ಟರಲ್ಲಿ ಎಚ್.ಡಿ. ಕೋಟೆಯ ಕಡೆಗೆ ವರ್ಗವಾಗಿ ಹೋಗಿದ್ದ ಸುಜಾತಾ ಮೇಡಂ ತಮ್ಮದಲ್ಲದ ಕೆಲಸಕ್ಕೆ ರಜೆ ಹಾಕಿ ಮೇಲಿನ ಕಚೇರಿಗೆ ಹೋಗಿ ವಿಚಾರಿಸಿದರು. ನಸೀಮಾ ಎಂಬ ಹೆಸರಿನ ಯಾವ ಅರ್ಜಿಯೂ ಅಲ್ಲಿಗೆ ಬಂದಿರಲಿಲ್ಲ. ಅವರು ಮೇಷ್ಟ್ರಿಗೆ ಫೋನು ಮಾಡಿ ಜಗಳವಾಡಿದ ಮೇಲೆ ಅದು ಹೊರಟಿತು. ಹೊರಟಷ್ಟೇ ಬೇಗ ಹಿಂದಕ್ಕೂ ಬಂತು. ಅವಧಿ ಮೀರಿರುವುದರಿಂದ ಪರಿಗಣಿಸಲು ಬರುವುದಿಲ್ಲ. ಅದರ ಕೆಳಗಿನ ಸಹಿಯನ್ನು ಅಬ್ಬಾನಿಗೆ ಓದಿ ಹೇಳಲು ನನಗೆ ಸಾಧ್ಯವಾಗಲಿಲ್ಲ. ಅದು ಬರಿಯ ಗೀರು. ಓದಲು ಬಾರದಂತೆ ಸಹಿ ಮಾಡುವುದು ಆ ಕುರ್ಚಿಯಲ್ಲಿ ಕುಳಿತವರಿಗೆ ಇರುವ ವಿನಾಯಿತಿ.

ಆಪಾ ಪರೀಕ್ಷೆಗೆ ಕೂತಳು. ಲೆಕ್ಕದಲ್ಲಿ ಅಂಕಿಗಳಿಂದಲೇ ಪ್ರಶ್ನೆಯನ್ನು ಊಹಿಸಿ ಮಾಡಿದಳು, ತೇರ್ಗಡೆಯಾದಳು. ವಿಜ್ಞಾನದಲ್ಲಿ ಚಿತ್ರ ಬರೆದು ಹೇಗೋ ದಡ ಸೇರಿದಳು. ಕನ್ನಡ, ಇಂಗ್ಲಿಷು, ಹಿಂದಿಯ ದಿನಗಳಲ್ಲಿ ಏನು ಬರೆದೆ ಎಂದು ಕೇಳಿದ್ದಕ್ಕೆ, ಪ್ರಶ್ನೆಪತ್ರಿಕೆಯಲ್ಲಿ ಇದ್ದುದನ್ನೇ ನೋಡಿಕೊಂಡು ಉತ್ತರ ಪತ್ರಿಕೆಯ ಕೊನೆಯವರೆಗೂ ಚೆನ್ನಾಗಿ ಬರೆದೆ ಎಂದಳು. ಸುಮ್ಮನೆ ಕೂತರೆ ಮೇಲ್ವಿಚಾರಕರು ಬೈಯುತ್ತಾರೆಂದು. ಫಲಿತಾಂಶದ ದಿನ ಮೇಷ್ಟ್ರು ಅಬ್ಬಾನಿಗೆ ಹೇಳಿದ್ದು ಒಂದೇ ಮಾತು: "ಅವತ್ತೇ ಏಳ್ದೆ ಸಾಬ್ರೆ, ಪ್ರೈವೇಟಾಗಿ ಕಟ್ಸಿ ಅಂತ."

ನಾನು ಎಂ.ಎ. ಓದುವಾಗ ಮಾಹಿತಿ ಹಕ್ಕಿನಡಿ ಕೇಳಿದೆ: ಆ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ಕಾಲ ಇತ್ತು, ಅದನ್ನು ಸಕಾಲದಲ್ಲಿ ಕಳಿಸದವರ ಮೇಲೆ ಯಾವ ಕ್ರಮವಾಯಿತು. ಕಡತ ಲಭ್ಯವಿಲ್ಲ ಎಂಬ ಉತ್ತರ ಬಂತು. ಮೇಲ್ಮನವಿ ಹಾಕಿದೆ. ಅದಕ್ಕೂ ಅದೇ ಉತ್ತರ. ನಾನು ಈ ಅಧ್ಯಾಯವನ್ನು ಬರೆಯುತ್ತಿರುವುದು ಹಳೆಯ ನೋವನ್ನು ನೇವರಿಸಿಕೊಳ್ಳಲು ಅಲ್ಲ. ವಿನಾಯಿತಿಯನ್ನು ಕಾನೂನು ಕೊಟ್ಟಿತ್ತು. ಒಬ್ಬ ಮನುಷ್ಯ ಅದನ್ನು ತನ್ನ ಕೃಪೆಯೆಂದು ತಿಳಿದು, ಕೊಡುವ ಮೊದಲು ಒಂದು ಮನೆಯ ಮಾನವನ್ನು ಒತ್ತೆಯಾಗಿ ಕೇಳಿದ, ಒತ್ತೆಯನ್ನು ಇಟ್ಟುಕೊಂಡ, ಏನನ್ನೂ ಕೊಡಲಿಲ್ಲ. ಅವನ ಮೇಲಿನವರು ಗಡಿಯಾರ ನೋಡಿ ಬಾಗಿಲು ಹಾಕಿದರು. ಇವರಲ್ಲಿ ಯಾರೊಬ್ಬರೂ ಯಾರ ಎದುರಿಗೂ ನಿಂತು ಉತ್ತರ ಹೇಳಲಿಲ್ಲ, ಯಾರ ಬಡ್ತಿಯೂ ನಿಲ್ಲಲಿಲ್ಲ. ಉತ್ತರ ಹೇಳಿದವರು ಒಬ್ಬರೇ, ಕ್ಷಮೆಯ ಅಗತ್ಯವೇ ಇಲ್ಲದಿದ್ದ ನನ್ನ ದಾದಿ. ನಮ್ಮ ಸುತ್ತಮುತ್ತಲಿನ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಇಂದು ಕರಿಹಲಗೆಯನ್ನು ಚಿತ್ರದಂತೆ ನಕಲು ಮಾಡುತ್ತ ಕುಳಿತಿರುವ ಮಕ್ಕಳು ಎಷ್ಟು, ಅವರ ಪೈಕಿ ಎಷ್ಟು ಮಂದಿಯ ಅರ್ಜಿ ಯಾವ ಬೀರುವಿನಲ್ಲಿದೆ ಎಂದು ಹೇಳಬೇಕಾದವರು ಹೇಳಲಿ. ಮೇಷ್ಟ್ರ ಹೆಸರನ್ನು ಬರೆಯಲೇ ಎಂದು ಆಪಾಳನ್ನು ಕೇಳಿದೆ. ಅವಳೀಗ ಮದುವೆಯಾಗಿ ಪಿರಿಯಾಪಟ್ಟಣದಲ್ಲಿದ್ದಾಳೆ. ಉತ್ತರ ಧ್ವನಿಸಂದೇಶದಲ್ಲಿ ಬಂತು.

"ಬೇಡ. ಅವರ ಮೊಮ್ಮಕ್ಕಳಿಗೆ ಓದೋಕೆ ಬರುತ್ತಲ್ಲ."

ಫಲಿತಾಂಶ ಬಂದ ವರ್ಷವೇ ಚಳಿಗಾಲದಲ್ಲಿ ದಾದಿ ತೀರಿಕೊಂಡರು. ಮೂರನೆಯ ದಿನ ಅಬ್ಬಾ ಸೋಫಾ ಮೇಜುಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ ಮುಂದಿನ ಕೋಣೆಯನ್ನು ಖಾಲಿ ಮಾಡಿದರು. ಓಣಿಯ ಹೆಂಗಸರು ಬಂದು ಸಾಲಾಗಿ ಕುಳಿತರು. ಅವರಲ್ಲಿ ಬಹಳಷ್ಟು ಜನ ದಾದಿಯ ಬೆರಳನ್ನು ಕೊರಳ ಮೇಲೆ ಇಡಿಸಿಕೊಂಡು ಕಲಿತವರೇ. ಸತ್ತವರ ಆತ್ಮಕ್ಕಾಗಿ ಕುರಾನನ್ನು ಎಲ್ಲರೂ ಹಂಚಿಕೊಂಡು ಒಮ್ಮೆ ಕೂತಲ್ಲೇ ಓದಿ ಮುಗಿಸುವುದು ಪದ್ಧತಿ. ಅದಕ್ಕಾಗಿ ಮೂವತ್ತು ಭಾಗಗಳೂ ಬಿಡಿಬಿಡಿಯಾದ ತೆಳು ಪುಸ್ತಕಗಳಾಗಿ ಮಸೀದಿಯಿಂದ ಬರುತ್ತವೆ. ಮೂಲೆಮನೆಯ ಖಾಲಾ, ವಯಸ್ಸಾದಾಕೆ, ಒಳ್ಳೆಯ ಹೆಂಗಸು, ಮಡಿಲಲ್ಲಿ ಪುಸ್ತಕಗಳನ್ನಿಟ್ಟುಕೊಂಡು ಹಂಚುತ್ತ ಬಂದರು. ಅಮ್ಮಿಗೆ ಒಂದು ಕೊಟ್ಟರು. ಅಮ್ಮಿಯ ಪಕ್ಕ ಆಪಾ ಕುಳಿತಿದ್ದಳು, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಎರಡು ಕೈಗಳನ್ನೂ ಮುಂದೆ ಚಾಚಿ. ಖಾಲಾ ಒಂದು ಗಳಿಗೆ ನಿಂತರು. ಆಮೇಲೆ ಅವಳನ್ನು ದಾಟಿ ನನ್ನ ಕೈಗೆ ಪುಸ್ತಕವಿಟ್ಟು ಮುಂದಕ್ಕೆ ಹೋದರು.

ಅಮ್ಮಿ ತಲೆ ಎತ್ತಲಿಲ್ಲ. ಸುತ್ತಲೂ ಓದು ಶುರುವಾಗಿತ್ತು. ನಾನು ನನ್ನದನ್ನು ಆಪಾಳ ತೊಡೆಯ ಮೇಲಿಟ್ಟೆ.

"ನೀನು ಹೇಳು ಆಪಾ. ಇದೆಲ್ಲ ನಿನಗೆ ಬರುತ್ತೆ. ಎಲ್ಲಿಂದ ಅಂತ ನಾನು ಮೊದಲ ಮಾತು ಹೇಳ್ತೀನಿ."

ಅವಳು ಪುಸ್ತಕವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ನನಗೆ ವಾಪಸು ಕೊಟ್ಟಳು.

"ಬೇಡ. ಬರಲ್ಲ ಅಂತ ಬರೆದುಕೊಟ್ಟಾಗಿದೆಯಲ್ಲ."

ಎದ್ದು ಹೊರಗೆ ಹೋಗಿ, ಹೊಸ್ತಿಲಾಚೆ ಒಂದರ ಮೇಲೊಂದು ಬಿದ್ದಿದ್ದ ಹೆಂಗಸರ ಚಪ್ಪಲಿಗಳನ್ನು ಜೊತೆಜೊತೆಯಾಗಿ ಜೋಡಿಸುತ್ತ ಕುಳಿತಳು.